ದೀಪ ಉರಿಯುತ್ತದೆ, ವೇಗ ಮಾತ್ರ 100ರಲ್ಲೇ ನಿಂತಿದೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನಮ್ಮ ಶಾಲೆಯ ಕಚೇರಿಯಲ್ಲಿರುವ ನೆಟ್‌ವರ್ಕ್ ಸ್ವಿಚ್‌ನಿಂದ ಗಣಕ ಕೊಠಡಿಯ ಕಂಪ್ಯೂಟರಿಗೆ ಸುಮಾರು 70 ಮೀಟರ್ ಕ್ಯಾಟ್-6 ಕೇಬಲ್ ಎಳೆಸಿದ್ದೇವೆ. ಎರಡೂ ಕಡೆ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಪೋರ್ಟುಗಳಿವೆ, ದೀಪವೂ ಉರಿಯುತ್ತದೆ. ಆದರೆ ಸಂಪರ್ಕ 100 ಮೆಗಾಬಿಟ್‌ಗಿಂತ ಮೇಲೇರುವುದಿಲ್ಲ. ಡ್ರೈವರನ್ನು ಎರಡು ಬಾರಿ ಹೊಸದಾಗಿ ಹಾಕಿದರೂ ಫಲವಿಲ್ಲ. ಮುಂದೇನು ನೋಡಬೇಕು?

ಉತ್ತರ 1: ಮೇಷ್ಟ್ರೇ, ಡ್ರೈವರನ್ನು ಬಿಟ್ಟು ತಂತಿಯನ್ನು ನೋಡಿ. ಪೋರ್ಟಿನ ಹಿಂದೆ ಎರಡು ಕೆಲಸಗಳು ನಡೆಯುತ್ತವೆ: ಫ್ರೇಮಿಗೆ, ಅಂದರೆ ಕಳಿಸುವ ಮಾಹಿತಿಯ ಒಂದು ಕಂತೆಗೆ, 48 ಬಿಟ್‌ಗಳ ವಿಳಾಸವನ್ನೂ ಕೊನೆಯಲ್ಲಿ ತಪ್ಪು ಹಿಡಿಯುವ 32 ಬಿಟ್‌ಗಳ ಸಿಆರ್‌ಸಿಯನ್ನೂ ಸೇರಿಸುವುದು ಮ್ಯಾಕ್ ಭಾಗ, ಆ ಬಿಟ್‌ಗಳನ್ನು ತಂತಿಯ ಮೇಲಿನ ವೋಲ್ಟೇಜ್ ಏರಿಳಿತಗಳನ್ನಾಗಿ ಮಾಡುವುದು ಫೈ ಎಂಬ ಭಾಗ. ನಿಮ್ಮ ತೊಂದರೆ ಫೈನಿಂದ ಆಚೆಗಿನದು ಎಂದೇ ನನಗೆ ತೋರುತ್ತದೆ. ಕೇಬಲ್ಲಿನ ನಾಲ್ಕು ಜೋಡಿಗಳಲ್ಲಿ 100 ಮೆಗಾಬಿಟ್‌ಗೆ ಎರಡೇ ಸಾಕು, ಅಂದರೆ 1, 2, 3 ಮತ್ತು 6ನೇ ಪಿನ್ನುಗಳು. 1999ರಲ್ಲಿ ಬಂದ ತಾಮ್ರದ ಗಿಗಾಬಿಟ್ ಮಾನಕಕ್ಕಾದರೋ ನಾಲ್ಕೂ ಬೇಕು, ಪ್ರತಿ ಜೋಡಿಯೂ ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ 250 ಮೆಗಾಬಿಟ್ ಹೊರಬೇಕು. ಎರಡು ತುದಿಗಳು ತಮ್ಮ ಸಾಮರ್ಥ್ಯವನ್ನು ಪರಸ್ಪರ ತಿಳಿಸಿಕೊಳ್ಳುವುದು ಆ ಮೊದಲ ಎರಡು ಜೋಡಿಗಳ ಮೇಲೆಯೇ ಆದ್ದರಿಂದ, ಉಳಿದ ತಂತಿಗಳಲ್ಲಿ ಒಂದು ತುಂಡಾಗಿದ್ದರೂ ಮಾತುಕತೆ ಸರಾಗವಾಗಿ ಮುಗಿಯುತ್ತದೆ, ಗಿಗಾಬಿಟ್‌ನ ಪ್ರಯತ್ನ ಸೋಲುತ್ತದೆ, ಬಹಳಷ್ಟು ಫೈ ಚಿಪ್‌ಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ನಾನು ಇದೇ ತೊಂದರೆಗೆ ಮೂರು ದಿನ ಕಳೆದು, ಹೊಸ ನೆಟ್‌ವರ್ಕ್ ಕಾರ್ಡನ್ನೂ ಕೊಂಡೆ. ಕೊನೆಗೆ ಅಗ್ಗದ ಕೇಬಲ್ ಟೆಸ್ಟರಿನಲ್ಲಿ ಏಳನೆಯ ದೀಪ ಹತ್ತಲಿಲ್ಲ. ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ಲಿನ ತುದಿಗೆ ಪ್ಲಗ್ಗನ್ನು ಒತ್ತಿ ಕೂರಿಸುವಾಗ, ಆ ಪಿನ್ನು ತಂತಿಯೊಳಗೆ ಇಳಿದಿರಲಿಲ್ಲ.

ಉತ್ತರ 2: ಟೆಸ್ಟರಿನ ಎಂಟೂ ದೀಪಗಳು ಹತ್ತಿದರೂ ನಿಶ್ಚಿಂತರಾಗಬೇಡಿ. ಕೆಲವರು ಎರಡೂ ತುದಿಯಲ್ಲಿ ಒಂದೇ ಕ್ರಮವಿದ್ದರೆ ಸಾಕೆಂದು ಬಣ್ಣಗಳನ್ನು ಮನಬಂದಂತೆ ಜೋಡಿಸುತ್ತಾರೆ. 3 ಮತ್ತು 6ನೇ ಪಿನ್ನುಗಳು ಒಂದೇ ಜೋಡಿಯವಾಗಿರದಿದ್ದರೆ ಹೊಸೆತದಿಂದ ಸಿಗುವ ರಕ್ಷಣೆ ತಪ್ಪುತ್ತದೆ, ಟೆಸ್ಟರ್ ಅದನ್ನು ಹೇಳುವುದಿಲ್ಲ. ಲಿನಕ್ಸ್ ಇದ್ದರೆ ಎಥ್‌ಟೂಲ್ ಎಂಬ ಆಜ್ಞೆಯಲ್ಲಿ ಸಿಆರ್‌ಸಿ ದೋಷಗಳ ಎಣಿಕೆ ಏರುತ್ತಿದೆಯೇ ನೋಡಿ. ಒಂದು ತುದಿಯಲ್ಲಿ ಮಾತ್ರ 100 ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಕಳಿಸುವುದೂ ಪಡೆಯುವುದೂ) ಎಂದು ಕೈಯಾರೆ ನಿಗದಿಮಾಡುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಸ್ವಯಂಚಾಲಿತವಾಗಿ ಬಿಟ್ಟ ಮತ್ತೊಂದು ತುದಿ ಆಗ ಹಾಫ್ ಡ್ಯೂಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕಿಗೆ) ಇಳಿದು, ಈಗಿರುವ ವೇಗವೂ ಕೆಡುತ್ತದೆ.

ಉತ್ತರ 3: ಗಣಕ ಕೊಠಡಿ ಬೇರೆ ಕಟ್ಟಡದಲ್ಲಿದೆಯೇ? ಹಾಗಿದ್ದರೆ ತಾಮ್ರವನ್ನೇ ಬಿಟ್ಟು ಫೈಬರ್ (ಬೆಳಕನ್ನು ಸಾಗಿಸುವ ಗಾಜಿನ ಎಳೆ) ಎಳೆಸುವುದು ಮೇಲು. ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳು ತಡೆಯಬೇಕಾದುದು 1500 ವೋಲ್ಟಿನಷ್ಟು. ಸಿಡಿಲು ಆ ಲೆಕ್ಕಕ್ಕೆ ಸಿಗುವುದಿಲ್ಲ. ಮಲೆನಾಡಿನ ನಮ್ಮಲ್ಲಿ ಮುಂಗಾರಿಗೆ ಮುಂಚಿನ ಒಂದೇ ಗುಡುಗುಮಳೆಗೆ ನಾಲ್ಕು ಪೋರ್ಟುಗಳು ಸುಟ್ಟವು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಕಟ್ಟಡ ಒಂದೇ. ಟೆಸ್ಟರಿನಲ್ಲಿ 7 ಮತ್ತು 8 ಹತ್ತಲಿಲ್ಲ. ಎರಡೂ ತುದಿಗಳನ್ನು ಮತ್ತೆ ಕ್ರಿಂಪ್ ಮಾಡಿದರೂ ಹತ್ತಲಿಲ್ಲ. ಕೇಬಲ್ ಹಿಡಿದು ನಡೆಯುತ್ತ ಹೋದಾಗ, ಸೂರಿನ ಕೆಳಗೆ ಎರಡು ತುಂಡುಗಳನ್ನು ಕರೆಂಟಿನ ವೈರಿನಂತೆ ಹೊಸೆದು ಟೇಪು ಸುತ್ತಿದ್ದುದು ಕಂಡಿತು, ಕಂದು ಜೋಡಿಯನ್ನು ಕೂಡಿಸಿಯೇ ಇರಲಿಲ್ಲ. ಇಡೀ ಕೇಬಲ್ಲನ್ನು ಬದಲಿಸಿದೆವು. ಈಗ 1000 ತೋರಿಸುತ್ತಿದೆ.