ಟ್ಯಾಂಕಿನಲ್ಲಿ ಬಿದ್ದವನ ಹಿಂದೆ ಇಳಿಯದಿದ್ದರೆ ಪಾಪವೇ?

ವಸಾಯಿ_ಯುವಕಸಂಘ
ನಮ್ಮ ಕನ್ನಡ ಸಭೆಯಲ್ಲಿ (ಚರ್ಚಿನಲ್ಲಿ) ಮುಂದಿನ ವಾರದ ಬೈಬಲ್ ಅಧ್ಯಯನ ಲೂಕ 10, ಸಮಾರ್ಯದವನ ಸಾಮ್ಯ, ಅಂದರೆ ಯೇಸು ಹೇಳಿದ ನೀತಿಕಥೆ: ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟವನನ್ನು ಕಂಡೂ ಯಾಜಕನೂ (ಪುರೋಹಿತ) ಲೇವಿಯನೂ (ದೇವಾಲಯದ ಸೇವಕ) ಹಾದುಹೋದರು, ಪರಕೀಯನಾದ ಸಮಾರ್ಯದವನು ನಿಂತು ನೆರವಾದ. ಈ ಕಡೆ ಹಳೇ ಹೌಸಿಂಗ್ ಸೊಸೈಟಿಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇನ್ನೂ ಇವೆ, ಹಾಗಾಗಿ ಚರ್ಚೆ ಅಲ್ಲಿಗೇ ಬಂತು. ತೊಳೆಯಲು ಇಳಿದವನು ಒಳಗೆ ಕುಸಿದರೆ, ಮೇಲೆ ನಿಂತವರು ಇಳಿಯದಿರುವುದು ಯಾಜಕನೂ ಲೇವಿಯನೂ ಓರೆಯಾಗಿ ಹೋದಂತೆಯೇ? ಯಾಕೋಬ 4:17 (ಒಳ್ಳೆಯದೆಂದು ತಿಳಿದೂ ಮಾಡದಿರುವುದು ಪಾಪ) ಹಿಡಿದು ಪಾಪ ಅನ್ನುವವರಿದ್ದಾರೆ. ಯೋಹಾನ 15:13 (ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿಯಿಲ್ಲ) ಹಿಡಿದು ಹಾರಲೇಬೇಕು ಅನ್ನುವವರೂ ಇದ್ದಾರೆ. ವಚನವೂ ಬೇಕು, ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕೆಂಬುದೂ ಬೇಕು.

ಹಗ್ಗಗಂಟು
ಇಳಿಯಬೇಡಿ. ಇಂಥ ಅವಘಡಗಳಲ್ಲಿ ಎರಡನೆಯ, ಮೂರನೆಯ ಹೆಣ ಬಹುಪಾಲು ಕಾಪಾಡಲು ಇಳಿದವರದೇ.

ಕಾರಣ ಗಾಳಿ. ಕೊಳೆತ ಮಲದಿಂದ ಬರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಂಬಿ ಕೆಡಬೇಡಿ: ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಆದಾಗ ಮೂಗೇ ಮಂದವಾಗುತ್ತದೆ, "ವಾಸನೆ ಹೋಯಿತು, ಇಳಿಯಬಹುದು" ಅನ್ನಿಸುತ್ತದೆ. 500 ದಾಟಿದರೆ ನಿಮಿಷಗಳಲ್ಲೇ ಕುಸಿತ. ಆಮ್ಲಜನಕ ಶೇ. 20.9ರಿಂದ 19.5ಕ್ಕಿಂತ ಕೆಳಗಿಳಿದರೂ ಅಪಾಯ. ಒದ್ದೆ ಬಟ್ಟೆ, ಕೋವಿಡ್ ಮಾಸ್ಕ್ ಯಾವುದೂ ಕೆಲಸಕ್ಕೆ ಬಾರದು. ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್ ಕಟ್ಟಿಕೊಂಡವನು ಮಾತ್ರ ಇಳಿಯಬೇಕು.

ಒಬ್ಬ 101 ಅಥವಾ 112ಕ್ಕೆ ಕರೆ ಮಾಡಲಿ, "ಟ್ಯಾಂಕಿನೊಳಗೆ ಗ್ಯಾಸ್" ಎಂದೇ ಹೇಳಲಿ. ಆ ಮಾತಿಲ್ಲದಿದ್ದರೆ ಸಿಲಿಂಡರ್ ಇಲ್ಲದ ತಂಡ ಬರಬಹುದು. ಇನ್ನೊಬ್ಬ ಉಳಿದ ಮುಚ್ಚಳಗಳನ್ನೆಲ್ಲ ತೆರೆದು, ಬ್ಲೋವರ್ (ಗಾಳಿ ಊದುವ ಯಂತ್ರ) ಇದ್ದರೆ ಅದರ ಪೈಪನ್ನು ತಳದ ತನಕ ಬಿಡಲಿ. ಮೋಟಾರು ಟ್ಯಾಂಕಿನ ಬಾಯಿಯಿಂದ ದೂರವಿರಲಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ, ಮೀಥೇನ್ ಇರುತ್ತದೆ. ಒಳಗಿನವನಿಗೆ ಎಚ್ಚರವಿದ್ದರೆ ಕುಣಿಕೆ ಹಾಕಿದ ಹಗ್ಗ ಇಳಿಬಿಡಿ. ಇಳಿಯುವ ಮೊದಲೇ ಹಾರ್ನೆಸ್ (ಎದೆ, ತೊಡೆ ಸುತ್ತುವ ಪಟ್ಟಿ) ತೊಡಿಸಿ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಬಹುದಿತ್ತು.

ಹೊರಗೆ ತಂದ ಮೇಲೆ ಉಸಿರಿಲ್ಲದಿದ್ದರೆ ಎದೆ ಒತ್ತಿ: ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ. ಬಾಯಿಗೆ ಬಾಯಿಟ್ಟು ಊದಬೇಡಿ, ಅವನ ಉಸಿರಿನ ವಿಷ ನಿಮಗೂ ತಟ್ಟೀತು.

ಛತ್ರದವನು
ಸಾಮ್ಯವನ್ನು ನಿಧಾನಕ್ಕೆ ಓದಿ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಆ ದಾರಿ ಕಳ್ಳರದ್ದು. ನಿಲ್ಲುವುದೇ ಅಪಾಯ, ಆದರೂ ಸಮಾರ್ಯದವನು ನಿಂತ. ಹಾಗಂತ ಕಳ್ಳರ ಬೆನ್ನಟ್ಟಲಿಲ್ಲ. ಕೈಯಲ್ಲಿದ್ದ ಎಣ್ಣೆ, ದ್ರಾಕ್ಷಾರಸ, ಸವಾರಿಯ ಪ್ರಾಣಿ ಬಳಸಿದ. ಮಾರನೆಯ ದಿನ ಎರಡು ದಿನಗೂಲಿಯಷ್ಟು ಹಣ ಕೊಟ್ಟು, ಉಳಿದ ಕೆಲಸವನ್ನು ಛತ್ರದವನಿಗೇ ಒಪ್ಪಿಸಿದ. ಬಲ್ಲವನ ಕೈಗೆ ಒಪ್ಪಿಸುವುದೂ ನೆರವೇ. ತಪ್ಪು ಇಳಿಯದ್ದರಲ್ಲಲ್ಲ, ಹಾದುಹೋದದ್ದರಲ್ಲಿ. ನಿಂತು ವಿಡಿಯೋ ಮಾಡಿದವನೂ ಹಾದುಹೋದವನೇ ಎಂದು ನನ್ನ ಎಣಿಕೆ.

ಯೋಹಾನ 15:13ರಲ್ಲಿ ಪ್ರಾಣ ಕೊಡುವುದು ಸ್ನೇಹಿತರಿಗಾಗಿ, ಅವರ ಪಕ್ಕದಲ್ಲಿ ಸುಮ್ಮನೆ ಸಾಯಲಿಕ್ಕಲ್ಲ. ನೀವು ಬಿಟ್ಟ ಎರಡು ವಚನ ಇನ್ನೂ ಹತ್ತಿರದವು. ವಿಮೋಚನಕಾಂಡ 21:33-34: ಗುಂಡಿ ಮುಚ್ಚದೆ ಬಿಟ್ಟು, ಎತ್ತೋ ಕತ್ತೆಯೋ ಬಿದ್ದು ಸತ್ತರೆ ಗುಂಡಿಯ ಯಜಮಾನ ಹಣ ತೆರಬೇಕು. ಧರ್ಮೋಪದೇಶಕಾಂಡ 22:8: ಹೊಸ ಮನೆಯ ಮಾಳಿಗೆಗೆ ಅಂಚುಗೋಡೆ ಕಟ್ಟದಿದ್ದರೆ, ಬಿದ್ದವನ ರಕ್ತದ ಹೊಣೆ ಮನೆಯ ಮೇಲೆ. ಬೀಳುವ ಮೊದಲಿನ ಹೊಣೆ ಇದು, ನಿಮ್ಮ ಸೊಸೈಟಿ ಕಮಿಟಿಯಲ್ಲಿ ಕೂತ ಸಭಿಕರಿಗೆ ಇದನ್ನು ಓದಿಸಿ.

ಕೋರ್ಟುಕಚೇರಿ
ಕಾನೂನೂ ಹಾಗೇ ಇದೆ. ಕೈಯಿಂದ ಮಲ ಬಳಿಯುವ ಕೆಲಸವನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನ ಕೊಡದೆ ಯಾರನ್ನೂ ಟ್ಯಾಂಕಿಗೆ ಇಳಿಸುವಂತಿಲ್ಲ. ಮೊದಲ ತಪ್ಪಿಗೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಎರಡೂ ಆಗಬಹುದು. "ಕಂಟ್ರಾಕ್ಟರ್ ಕಳಿಸಿದ್ದು" ಅಂದು ಕಮಿಟಿ ಕೈ ತೊಳೆಯಲಾಗದು. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಕೊಡುವ ರಕ್ಷಣೆ ಬೇರೆ ವಿಷಯ, ಅದನ್ನು ಇಲ್ಲಿಗೆ ಎಳೆಯಬೇಡಿ.

ವಸಾಯಿ_ಯುವಕಸಂಘ
ಹೊಲಸು ಹೀರುವ ಸಕ್ಷನ್ ಗಾಡಿ ನಮ್ಮ ಗಲ್ಲಿಗೆ ಬರುವುದಿಲ್ಲ ಅಂತಲೇ ಆಳು ಇಳಿಸುತ್ತಾರೆ. ಅದಕ್ಕೇನು?

ಹಗ್ಗಗಂಟು
ಗಾಡಿ ಬಾಗಿಲಿಗೇ ಬರಬೇಕಿಲ್ಲ, ಪೈಪು ಜೋಡಿಸಿ ದೂರದಿಂದ ಎಳೆಯಬಹುದು. ಕಷ್ಟವಿರುವುದು ಎತ್ತರದಲ್ಲಿ: ನಿರ್ವಾತ ಪಂಪು ಪುಸ್ತಕದ ಲೆಕ್ಕದಲ್ಲಿ ನೀರನ್ನು 10 ಮೀಟರ್ ಎತ್ತಬಹುದು, ನಿಜದಲ್ಲಿ 6-7. ಸಾಮಾನ್ಯ ಟ್ಯಾಂಕಿಗೆ ಅದು ಸಾಕು. ತಳದ ಗಟ್ಟಿ ಕೆಸರು ಏಳದಿದ್ದರೆ ಮೇಲಿನಿಂದಲೇ ನೀರು ಬಿಟ್ಟು, ಉದ್ದ ಬಿದಿರಿನಿಂದ ಕಲಕಿ, ಮತ್ತೆ ಎಳೆಯಿರಿ. ಕಲಕುವಾಗ ಗ್ಯಾಸ್ ಬುಗ್ಗೆಂದು ಏಳುತ್ತದೆ, ಬಾಯಿಯ ಮೇಲೆ ಬಗ್ಗಬೇಡಿ.