ಗಾಲ್‌ಬ್ರೇತ್ ಲೇಕ್‌ನಲ್ಲಿ ಟೆಂಟ್ ಹಾಕೋದು: ಏನೇನು ಬೇಕು?

ಪ್ರಶ್ನೆ: ಆಗಸ್ಟ್ ಕೊನೆಗೆ ಅಲಾಸ್ಕದ ಡಾಲ್ಟನ್ ಹೈವೇ, ಮೈಲಿ 275ರ ಕ್ಯಾಂಪ್‌ಗ್ರೌಂಡ್. ಎರಡು ರಾತ್ರಿ, ಬಾಡಿಗೆ ಕಾರು. ಏನು ಗಮನಿಸಬೇಕು?

ಉತ್ತರ 1: ದಾರಿಯಲ್ಲಿ ಸಿಗೋ ಕೋಲ್ಡ್‌ಫುಟ್ ಅನ್ನೋ ಊರಲ್ಲೇ ಟ್ಯಾಂಕ್ ಫುಲ್ ಮಾಡಿಸಿ. ಮುಂದೆ ಹೈವೇ ಕೊನೆಯ ಊರು ಡೆಡ್‌ಹಾರ್ಸ್‌ವರೆಗೆ ಸುಮಾರು 385 ಕಿ.ಮೀ. ಬಂಕೇ ಇಲ್ಲ. ಬಾಡಿಗೆ ಕರಾರು ಓದಿ, ಹೆಚ್ಚಿನ ಬಾಡಿಗೆ ಕಂಪನಿಗಳು ಈ ರಸ್ತೆಗೆ ಒಪ್ಪಲ್ಲ. ಸ್ಟೆಪ್ನಿ ಎರಡಿರಲಿ, ಪೂರ್ತಿ ಸೈಜಿನವು.

ಉತ್ತರ 2: ಜಲ್ಲಿ ನೆಲ ಸಾರ್, ತೆಳು ಗೂಟ ಬಾಗುತ್ತೆ. ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟಿ. ಮರ ಇಲ್ಲ, ಗಾಳಿಗೆ ತಡೆಯೇ ಇರಲ್ಲ. ಹೊಳೆ ನೀರನ್ನು ಒಂದು ನಿಮಿಷ ಕುದಿಸಿ. ಫಿಲ್ಟರ್ ಒಯ್ದರೆ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗಿಡಿ. ಒಳಗಿನ ನೀರು ಹೆಪ್ಪುಗಟ್ಟಿದರೆ ಅದರ ಶೋಧಿಸುವ ಸಣ್ಣ ನಳಿಕೆಗಳು ಸೀಳುತ್ತವೆ, ಹೊರಗಿಂದ ಗೊತ್ತೇ ಆಗಲ್ಲ.

ಉತ್ತರ 3: ಒಲೆಗೆ ಬರೀ ಬ್ಯೂಟೇನ್ ಗ್ಯಾಸಿನ ಡಬ್ಬಿ ಬೇಡ. 0 ಡಿಗ್ರಿ ಹತ್ತಿರ ಅದು ಅನಿಲವಾಗದೆ ಉರಿ ಸೊರಗುತ್ತೆ. ಟೂತ್‌ಪೇಸ್ಟ್ ಕೂಡ ಟೆಂಟ್‌ನಲ್ಲಿಡಬೇಡಿ, ಕರಡಿ ವಾಸನೆ ಹಿಡಿದು ಬರುತ್ತೆ.