ಸೊಂಟದ ಎಂಆರ್‌ಐಗೆ ಕಣ್ಣಿನ ಎಕ್ಸ್‌ರೇ ಏಕೆ ಕೇಳುತ್ತಾರೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪೀಣ್ಯದ ಫ್ಯಾಬ್ರಿಕೇಶನ್ ಘಟಕವೊಂದರಲ್ಲಿ ಹಲವು ವರ್ಷಗಳಿಂದ ಗ್ರೈಂಡಿಂಗ್ ಕೆಲಸ ಮಾಡುತ್ತಿದ್ದೇನೆ. ಸೊಂಟನೋವಿಗೆ ವೈದ್ಯರು ಎಂಆರ್‌ಐ ಬರೆದುಕೊಟ್ಟಿದ್ದಾರೆ. ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿತ್ತೇ ಎಂದು ಸ್ಕ್ಯಾನಿಂಗ್ ಕೇಂದ್ರದವರು ಕೇಳಿದಾಗ, ಒಮ್ಮೆ ಸಿಡಿದಿತ್ತು, ಜೊತೆಯವರೇ ಬಟ್ಟೆಯ ತುದಿಯಿಂದ ತೆಗೆದಿದ್ದರು ಎಂದೆ. ಮೊದಲು ಕಣ್ಣಿನ ಎಕ್ಸ್‌ರೇ ತನ್ನಿ ಎಂದು ವಾಪಸ್ ಕಳಿಸಿದರು. ದೃಷ್ಟಿ ಚೆನ್ನಾಗಿಯೇ ಇದೆ. ಇದು ನಿಜವಾಗಿಯೂ ಬೇಕೇ, ಬಿಲ್ ಹೆಚ್ಚಿಸಲು ಹೇಳಿದ್ದೇ?

ಉತ್ತರ (ಎಂಆರ್‌ಐ ತಂತ್ರಜ್ಞೆ): ನಮಸ್ಕಾರ. ಖಂಡಿತ ಬೇಕು. ಅವರು ನಿಮ್ಮನ್ನು ವಾಪಸ್ ಕಳಿಸಿದ್ದು ಸರಿಯಾದ ಕೆಲಸ, ನೀವು ಮರೆಮಾಚದೆ ಹೇಳಿದ್ದು ಅದಕ್ಕಿಂತ ಒಳ್ಳೆಯ ಕೆಲಸ.

1.5 ಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ನಮ್ಮ ಭಾಗದ ಭೂಕಾಂತಕ್ಷೇತ್ರಕ್ಕಿಂತ 30,000 ಪಟ್ಟಿಗೂ ಹೆಚ್ಚು ಬಲವಾದದ್ದು. ಸ್ಕ್ಯಾನ್ ನಡೆಯದಿರುವಾಗಲೂ, ರಾತ್ರಿಯೂ ಅದು ಹಾಗೆಯೇ ಇರುತ್ತದೆ. ಕಬ್ಬಿಣದ ಚೂರನ್ನು ಅದು ಎಳೆಯುವುದಷ್ಟೇ ಅಲ್ಲ, ತನ್ನ ದಿಕ್ಕಿಗೆ ತಿರುಗಿಸಲೂ ನೋಡುತ್ತದೆ. ಎಳೆತ ಅತಿ ಹೆಚ್ಚಿರುವುದು ರೋಗಿಯನ್ನು ಒಳಗೆ ಮಲಗಿಸುವ ಕೊಳವೆಯ ನಡುವಿನಲ್ಲಲ್ಲ, ಅದರ ಬಾಯಿಯ ಹತ್ತಿರ. ಸೊಂಟ ನಡುವೆ ಬರುವಂತೆ ಮಲಗಿಸಿದಾಗ ನಿಮ್ಮ ತಲೆ ಹೆಚ್ಚುಕಡಿಮೆ ಆ ಬಾಯಿಯ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಸ್ಕ್ಯಾನ್ ಸೊಂಟದ್ದಾದರೂ ಕಣ್ಣಿನ ವಿಚಾರ ಕೇಳಲೇಬೇಕಾಗುತ್ತದೆ.

ಸ್ನಾಯುವಿನಲ್ಲಿ ಉಳಿದ ಹಳೆಯ ಚೂರನ್ನು ಗಾಯ ಮಾಗುವಾಗ ಬೆಳೆದ ಗಟ್ಟಿ ಅಂಗಾಂಶ ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣುಗುಡ್ಡೆಯ ಒಳಗಿರುವುದು ಲೋಳೆಯಂಥ ವಸ್ತು. ಅಲ್ಲಿ ಅಂಥ ಹಿಡಿತವನ್ನು ನಂಬುವಂತಿಲ್ಲ. ಚೂರು ಸರಿದರೆ ರೆಟಿನಾ (ಕಣ್ಣಿನ ಒಳಪರದೆ) ಹರಿಯಬಹುದು, ರಕ್ತಸ್ರಾವವಾಗಬಹುದು. ಹಿಂದೆ ಲೋಹದ ತಗಡಿನ ಕೆಲಸ ಮಾಡಿದ್ದ ಅಮೆರಿಕದ ರೋಗಿಯೊಬ್ಬರು ಕಣ್ಣಿನಲ್ಲಿ ಚೂರಿರುವುದನ್ನೇ ಅರಿಯದೆ ಎಂಆರ್‌ಐ ಮಾಡಿಸಿಕೊಂಡು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಪ್ರಕರಣ 1986ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಚೂರು ಸುಮಾರು 2 ಮಿ.ಮೀ. ಅಗಲ, 3.5 ಮಿ.ಮೀ. ಉದ್ದವಿತ್ತು; ಆ ಯಂತ್ರವಾದರೋ ಕೇವಲ 0.35 ಟೆಸ್ಲಾದ್ದು. ಹಾಗಾಗಿ ನೋವಿಲ್ಲ, ದೃಷ್ಟಿ ಚೆನ್ನಾಗಿದೆ ಎಂಬ ಕಾರಣಕ್ಕೆ ಚೂರು ಇಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ.

ಸಾಮಾನ್ಯವಾಗಿ ಎರಡು ಚಿತ್ರ ತೆಗೆಯುತ್ತಾರೆ: ಒಂದರಲ್ಲಿ ಕಣ್ಣನ್ನು ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ನೋಡಿಸುತ್ತಾರೆ. ಬಿಳಿಯ ಚುಕ್ಕೆ ಕಂಡು, ಅದು ಕಣ್ಣಿನೊಂದಿಗೆ ಜಾಗ ಬದಲಿಸಿದರೆ ಚೂರು ಗುಡ್ಡೆಯಲ್ಲಿದೆ ಎಂದು ಶಂಕಿಸಬೇಕು. ಸಂಶಯ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಗಾಯವಾದ ನಂತರ ಯಾವುದೋ ಕಾರಣಕ್ಕೆ ತಲೆಯ ಸಿಟಿ ಮಾಡಿಸಿದ್ದರೆ ಆ ಫಿಲ್ಮ್ ತೆಗೆದುಕೊಂಡು ಹೋಗಿ, ಹೊಸ ಎಕ್ಸ್‌ರೇ ಬೇಕಾಗದೆಯೂ ಇರಬಹುದು. ನೇತ್ರತಜ್ಞರೇ ಚೂರು ತೆಗೆದು, ಏನೂ ಉಳಿದಿಲ್ಲವೆಂದು ಬರೆದುಕೊಟ್ಟಿದ್ದರೆ ಆ ಮಾತು ಬೇರೆಯಾಗುತ್ತಿತ್ತು. ಬಟ್ಟೆಯ ತುದಿಯಿಂದ ತೆಗೆದದ್ದನ್ನು ನಾವು ಲೆಕ್ಕಕ್ಕೆ ಹಿಡಿಯಲಾಗದು.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ನನ್ನ ಅತ್ತೆಯವರಿಗೆ ಮಂಡಿಯ ಎಂಆರ್‌ಐ ಇದೆ. ತಾಳಿ, ಕಾಲುಂಗುರ ತೆಗೆಯಲು ಒಪ್ಪುತ್ತಿಲ್ಲ. ಚಿನ್ನ, ಬೆಳ್ಳಿಯನ್ನು ಕಾಂತ ಎಳೆಯುವುದಿಲ್ಲವಲ್ಲ?

ಉತ್ತರ: ಅಪ್ಪಟ ಚಿನ್ನ, ಬೆಳ್ಳಿಯನ್ನು ಎಳೆಯುವುದಿಲ್ಲ, ನಿಜ. ಆದರೆ ಸ್ಕ್ಯಾನಿನ ರೇಡಿಯೋ ಅಲೆಗಳಿಂದ ಅವು ಬಿಸಿಯಾಗಿ ಚರ್ಮ ಸುಡಬಹುದು, ಸರದ ಕೊಂಡಿಯಲ್ಲಿ ಉಕ್ಕಿನ ಸ್ಪ್ರಿಂಗ್ ಇರಬಹುದು. ತಾಳಿಯ ಬದಲು ಅರಿಸಿನ ಕೊಂಬು ಕಟ್ಟಿದ ನೂಲಿನ ದಾರ ಹಾಕಿಕೊಂಡು ಬರಲು ಹೇಳಿ. ಹಲವು ಹಿರಿಯರು ಇದಕ್ಕೆ ಸಮಾಧಾನದಿಂದ ಒಪ್ಪುತ್ತಾರೆ. ಸೀರೆಯ ಸೇಫ್ಟಿ ಪಿನ್, ಹೇರ್‌ಪಿನ್, ಉಡಿದಾರದ ತಾಯಿತಗಳನ್ನು ನೀವೇ ಒಮ್ಮೆ ನೋಡಿ. ಜೊತೆಗೆ ಬರುವವರಿಗೂ ಇದೇ ನಿಯಮ: 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಬಂಧುವೊಬ್ಬರು ಪ್ರಾಣ ಕಳೆದುಕೊಂಡರು.

ಪ್ರಶ್ನೆ (ಮೂರನೆಯ ಸದಸ್ಯರು): ಬಹಳ ಹಿಂದೆ ಬೇಟೆಯಲ್ಲಿ ತಗುಲಿದ ಕೋವಿಯ ಚರೆ ನಮ್ಮ ತಂದೆಯವರ ತೊಡೆಯಲ್ಲಿ ಉಳಿದಿದೆ. ಅವರಿಗೆ ಎಂಆರ್‌ಐ ಮಾಡಿಸಲೇಬಾರದೇ?

ಉತ್ತರ: ಹಾಗೇನಿಲ್ಲ. ಸೀಸದ ಚರೆಯನ್ನು ಕಾಂತ ಎಳೆಯುವುದಿಲ್ಲ. ಆದರೆ ಉಕ್ಕಿನ ಚರೆಯೂ ಉಂಟು, ನಾಡಕೋವಿಯಾದರೆ ಅದರಲ್ಲಿ ಏನು ತುಂಬಿದ್ದರೋ ಹೇಳಲಾಗದು. ಎಕ್ಸ್‌ರೇಯಿಂದ ಚರೆಯ ಜಾಗ ತಿಳಿಯುತ್ತದೆ, ಲೋಹದ ಜಾತಿ ಖಚಿತವಾಗಿ ತಿಳಿಯುವುದಿಲ್ಲ. ದೊಡ್ಡ ರಕ್ತನಾಳದಿಂದ ದೂರದಲ್ಲಿ, ಸ್ನಾಯುವಿನಲ್ಲಿ ಹಳೆಯದಾಗಿ ಕೂತಿದ್ದರೆ ರೇಡಿಯಾಲಜಿ ವೈದ್ಯರು ಪರಿಶೀಲಿಸಿ ಒಪ್ಪಿಗೆ ಕೊಡುವುದುಂಟು. ಆಗ ತಂದೆಯವರ ಕೈಗೆ ಒತ್ತುವ ರಬ್ಬರ್ ಬಲ್ಬ್ ಕೊಟ್ಟಿರುತ್ತಾರೆ. ತೊಡೆಯಲ್ಲಿ ಎಳೆತವೋ ಬಿಸಿಯೋ ಅನಿಸಿದ ಕೂಡಲೇ ಸಹಿಸಿಕೊಂಡು ಮಲಗಿರದೆ ಅದನ್ನು ಒತ್ತಬೇಕೆಂದು ಅವರಿಗೆ ಮೊದಲೇ ತಿಳಿಸಿ ಹೇಳಿ.